ಫಲಿತಾಂಶ ಕೇಳುವವರು ನವೆಂಬರ್‌ನಲ್ಲಿ ಬನ್ನಿ

ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ ಬಂದರೆ ನಮ್ಮ ಕಡೆಯವರು ಕೆಳಗಿನಿಂದಲೇ ಹುಡುಕುತ್ತಾರೆ. 2024ರಲ್ಲಿ ನಮ್ಮ ಯಾದಗಿರಿ ಕೊನೆ, ಶೇ. 50.59. 2025ರಲ್ಲಿ ಪಕ್ಕದ ಕಲಬುರಗಿ ಕೊನೆ, ಶೇ. 42.43. ಅದೇ ವರ್ಷ ದಕ್ಷಿಣ ಕನ್ನಡ ಶೇ. 91 ದಾಟಿತ್ತು. ಒಂದು ವಾರ ಮೇಷ್ಟ್ರುಗಳಿಗೆ ಬೈಗುಳ, ಅಷ್ಟೇ, ಆಮೇಲೆ ಎಲ್ಲರೂ ಮರೆತರು.

ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟು ಕೂತಲ್ಲಿಂದಲೇ ನೋಡುವ ವೆಬ್‌ಕಾಸ್ಟಿಂಗ್ ಬಂದಿದ್ದಕ್ಕೇ ಹೀಗಾಯ್ತು ಅನ್ನುವವರಿದ್ದಾರೆ. ಹಾಗಾದ್ರೆ ಹಿಂದಿನ ಅಂಕ ಎಲ್ಲಿಂದ ಬರ್ತಿತ್ತು ಅಂದರೆ ಸುಮ್ನೆ ನಗುತ್ತಾರೆ. ಕ್ಯಾಮೆರಾ ಇರಲಿ ಬಿಡಿ.

ನನ್ನ ತಕರಾರು ಬೇರೆ. ನವೆಂಬರ್‌ನಲ್ಲಿ ಒಮ್ಮೆ ಶಹಾಪುರದ ಸುತ್ತಲಿನ ಸರ್ಕಾರಿ ಶಾಲೆಗಳನ್ನು ನೋಡಿ. ಹತ್ತಿ ಒಡೆದಿರುತ್ತದೆ. ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಹೊಲಕ್ಕೆ ಹೊರಟ ಟಂಟಂ ಆಟೋ ತುಂಬ ಹೆಂಗಸರು, ತೊಡೆ ಮೇಲೆ ಕೂಸುಗಳು, ಸಂದಿಯಲ್ಲಿ ಏಳನೇ ಎಂಟನೇ ಕ್ಲಾಸಿನ ಹುಡುಗಿಯರು. ಹತ್ತಿ ಬಿಡಿಸಿದ್ದಕ್ಕೆ ಕೆಜಿ ಲೆಕ್ಕದಲ್ಲಿ ಕೂಲಿ. ಎರಡು ಕೈ ಜಾಸ್ತಿ ಇದ್ದರೆ ಅಷ್ಟು ದುಡ್ಡು ಜಾಸ್ತಿ. ಮೇಷ್ಟ್ರು ಮನೆತನಕ ಹೋಗಿ ಕರೆದರೆ "ಹತ್ತಿ ಮುಗೀಲಿ ಸರ, ಕಳಸ್ತೀವ್ರಿ" ಅನ್ನುತ್ತಾರೆ. ಹತ್ತಿ ಮುಗಿಯುವಷ್ಟರಲ್ಲಿ ಮೆಣಸಿನಕಾಯಿ ಶುರು. ಇನ್ನು ಕೆಲವರು ಮಕ್ಕಳ ಸಮೇತ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾರೆ. ಹೆಸರು ಮಾತ್ರ ಇಲ್ಲಿನ ಹಾಜರಿ ಪುಸ್ತಕದಲ್ಲಿ. ಇಂಥ ನಾಲ್ಕು ವರ್ಷ ಕಳೆದು ಹತ್ತನೇ ಕ್ಲಾಸಿಗೆ ಬಂದ ಮಗುವಿಗೆ ಸಂಜೆ ಸ್ಪೆಷಲ್ ಕ್ಲಾಸ್ ಇಟ್ಟು ಪಾಸ್ ಮಾಡಿಸಿ ಅಂದರೆ ಹೇಗೆ?

ಕೈಯಲ್ಲಿ ನಾಲ್ಕು ಕಾಸು ಓಡಾಡುವವರು ಮಕ್ಕಳನ್ನು ಖಾಸಗಿ ಶಾಲೆಯ ಹಳದಿ ಬಸ್ಸಿಗೆ ಹತ್ತಿಸಿ ಎಷ್ಟೋ ಕಾಲವಾಯ್ತು. ಸರ್ಕಾರಿ ಮೇಷ್ಟ್ರ ಮಕ್ಕಳೂ ಅದೇ ಬಸ್ಸಲ್ಲಿ. (ಗೆಳೆಯರಿಗೆ ಸಿಟ್ಟು ಬರುತ್ತದೆ, ಬರಲಿ.) ಸರ್ಕಾರಿ ಶಾಲೆಗೆ ಉಳಿದವರು ಈ ಟಂಟಂ ಹತ್ತುವ ಮಕ್ಕಳೇ. ಎರಡೂ ಶಾಲೆಗಳ ಫಲಿತಾಂಶ ಅಕ್ಕಪಕ್ಕ ಇಡುವಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿ ದುಡ್ಡಲ್ಲಿ ಶಾಲಾ ಕೊಠಡಿಗಳೂ ಎದ್ದವು. ಒಳ್ಳೇದೇ. ಆದರೆ ಹೊಲಕ್ಕೆ ಹೋದ ಹುಡುಗಿ ಹೊಸ ಕೊಠಡಿ ನೋಡಿ ವಾಪಸ್ ಬರ್ತಾಳಾ? 2002ರಲ್ಲಿ ಬಿಸಿಯೂಟ ಶುರುವಾಗಿದ್ದು ನಮ್ಮ ಭಾಗದ ಜಿಲ್ಲೆಗಳಿಂದಲೇ. ಅಕ್ಟೋಬರ್‌ನಿಂದ ಜನವರಿವರೆಗೆ ಅದೇ ಅಡುಗೆಮನೆಯಲ್ಲಿ ರಾತ್ರಿ ಊಟವನ್ನೂ ಮಾಡಿ, ಶಾಲೆಯಲ್ಲೇ ಮಲಗಲು ಜಾಗ ಕೊಟ್ಟು, ಕಾಯಲು ಒಬ್ಬರನ್ನು ಇಟ್ಟರೆ ಗುಳೆ ಹೋಗುವವರು ಮಕ್ಕಳನ್ನು ಬಿಟ್ಟು ಹೋದಾರು. ಅಂಗನವಾಡಿ ಸಂಜೆತನಕ ತೆರೆದಿದ್ದರೆ ಕೂಸು ನೋಡಿಕೊಳ್ಳಲು ಅಕ್ಕ ಶಾಲೆ ಬಿಡಬೇಕಿಲ್ಲ.

ನಮ್ಮ ಶಾಲೆಯ ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಇದನ್ನೇ ಎತ್ತುವವನಿದ್ದೇನೆ. ಸುತ್ತಲಿನ ಊರುಗಳ ಎಸ್‌ಡಿಎಂಸಿಯವರು ನವೆಂಬರ್ ಹಾಜರಿಯ ಲೆಕ್ಕ ತೆಗೆದು ಕೊಟ್ಟರೆ ಎಲ್ಲ ಸೇರಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಕೊಡೋಣ.