ಭಕ್ತಿ ನೋಡಿ ಬುದ್ಧಿ ಅಳೆಯಬೇಡಿ

ಬುದ್ಧಿ ಜಾಸ್ತಿ ಇದ್ದವರಲ್ಲಿ ದೈವಭಕ್ತಿ ಕಡಿಮೆ ಅಂತ ಸಂಶೋಧನೆಯೇ ಹೇಳಿದೆ ಎಂಬ ನಿಮ್ಮ ಲೇಖನದ ಮಾತಿಗೆ ನನ್ನ ತಕರಾರಿದೆ. 2013ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜುಕರ್‌ಮನ್ ಮತ್ತು ಸಂಗಡಿಗರು 63 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇಂಥ ನಂಟು ಕಂಡದ್ದು ನಿಜ. ಆದರೆ ಅದು ತೆಳುವಾದ ನಂಟು, ಬರೀ ಸರಾಸರಿಯ ಲೆಕ್ಕ. ಅದರಲ್ಲೂ ಹೆಚ್ಚಿನವು ಅಮೆರಿಕ ಕಡೆಯ ಜನರ ಮೇಲೆ ನಡೆದವು. ಅದನ್ನು ತಂದು ನಮ್ಮೂರಿನವರ ತಲೆಗೆ ಕಟ್ಟಿದರೆ ಹೇಗೆ?

ನಮ್ಮ ಮಂಡ್ಯ ಕಡೆಯ ಆಲೆಮನೆಗೆ ಒಮ್ಮೆ ಬನ್ನಿ. ಒಲೆಗೆ ಬೆಂಕಿ ಹಾಕುವ ಮುಂಚೆ ಕರ್ಪೂರ ಹಚ್ಚಿ ಕೈಮುಗಿಯುವ ಅದೇ ಮನುಷ್ಯ, ಕೊಪ್ಪರಿಗೆಯಲ್ಲಿ ಏಳುವ ಗುಳ್ಳೆ ನೋಡುತ್ತಾರೆ. ಚೂರು ಪಾಕ ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ಹೇಳುತ್ತಾರೆ. ಸ್ವಲ್ಪ ತಡವಾದರೂ ಬೆಲ್ಲ ಕೆಡುತ್ತದೆ. ಈ ಜಾಣತನ ಯಾವ ಐಕ್ಯೂ ಪರೀಕ್ಷೆಯಲ್ಲಿ ಬರುತ್ತದೆ ಹೇಳಿ?

ಗಣಿತಜ್ಞ ರಾಮಾನುಜನ್ ತಮ್ಮ ಮನೆದೇವರು ನಾಮಗಿರಿ ತಾಯಿಯ ಭಕ್ತರು. ಇಂಗ್ಲೆಂಡಿನ ಗಣಿತಜ್ಞ ಹಾರ್ಡಿ ದೇವರನ್ನೇ ಒಪ್ಪದವರು. ಕೇಂಬ್ರಿಡ್ಜ್‌ನಲ್ಲಿ ಇಬ್ಬರೂ ಜೊತೆಗೆ ಕೂತೇ ಗಣಿತ ಮಾಡಿದರು, ಅಲ್ವಾ?

ಮಾಟ ತೆಗೆಸುತ್ತೇನೆ ಅಂತ ದುಡ್ಡು ಕೀಳುವವರನ್ನು ಖಂಡಿತ ಪ್ರಶ್ನಿಸಿ, ನಾನೂ ಜೊತೆಗಿರುತ್ತೇನೆ. ಆದರೆ ಬೆಟ್ಟ ಹತ್ತಿ ಚಾಮುಂಡಿಗೆ ಹಣ್ಣುಕಾಯಿ ಮಾಡಿಸುವವರನ್ನೆಲ್ಲ ಸುಮ್ನೆ ದಡ್ಡರು ಅನ್ನಬೇಡಿ. ನಮ್ಮ ದೇಶದಲ್ಲಿ ನಡೆದ ಅಧ್ಯಯನ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಬರೆಯಿರಿ, ಓದುತ್ತೇನೆ.