ನಾಟಕ ರಚನಾ ಶಿಬಿರ ಮತ್ತು ಎರಡನೆಯ ಕರಡು

ನಾಟಕ ರಚನೆಯ ಶಿಬಿರಗಳ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ಆಕ್ಷೇಪ ಸಿದ್ಧವಾಗಿಯೇ ಇರುತ್ತದೆ: ಬರೆಯುವುದನ್ನು ಯಾರಾದರೂ ಹೇಳಿಕೊಡಲು ಆಗುತ್ತದೆಯೇ, ಕೈಲಾಸಂ ಯಾವ ಶಿಬಿರದಲ್ಲಿ ಕಲಿತರು, ಕಾರ್ನಾಡರಿಗೆ ಪ್ರಮಾಣಪತ್ರ ಕೊಟ್ಟವರು ಯಾರು? ಕೇಳಲು ಚೆನ್ನಾಗಿರುವ ಈ ಪ್ರಶ್ನೆಗೆ ನಮ್ಮ ರಂಗಭೂಮಿಯ ಚರಿತ್ರೆಯಲ್ಲೇ ಉತ್ತರವಿದೆ. ಕೈಲಾಸಂ ತಮ್ಮ ನಾಟಕಗಳನ್ನು ಮೊದಲು ಬಾಯಲ್ಲಿ ಆಡಿ ತೋರಿಸುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಅಂದರೆ ಅವರ ಸಂಭಾಷಣೆ ಕಾಗದಕ್ಕೆ ಇಳಿಯುವ ಮೊದಲೇ ಕೇಳುಗರ ಎದುರು ಪರೀಕ್ಷೆಗೆ ಒಳಗಾಗಿರುತ್ತಿತ್ತು. ಕಾರ್ನಾಡರ 'ಯಯಾತಿ' 1961ರಲ್ಲಿ ಪ್ರಕಟವಾದದ್ದು ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ಅಲ್ಲಿನ ಅಟ್ಟದಲ್ಲಿ ಜಿ.ಬಿ. ಜೋಶಿಯವರಂಥ ನಾಟಕಕಾರ ಪ್ರಕಾಶಕರೂ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರೂ ಕೂತು ಹೊಸಬರ ಹಸ್ತಪ್ರತಿಯನ್ನು ಓದಿ, ಜಗಳವಾಡಿ, ಮತ್ತೆ ಬರೆಸುವ ವಾತಾವರಣವೊಂದಿತ್ತು. ವೃತ್ತಿ ನಾಟಕ ಕಂಪನಿಗಳ ಕವಿಯಂತೂ ಕಂಪನಿಯ ಜೊತೆಗೇ ಊರೂರು ಅಲೆಯುತ್ತಿದ್ದವನು. ಪರದೆಯ ಹಿಂದೆ ಅರಮನೆಯ ಸೆಟ್ಟು ಕೂರುವಷ್ಟು ಹೊತ್ತು ಪರದೆಯ ಮುಂದೆ ಹಾಸ್ಯದ ದೃಶ್ಯ ನಡೆಯಬೇಕು ಎಂಬುದು, ಇಂಥ ನಟನ ಗಂಟಲಿಗೆ ಇಂಥ ಹಾಡು ಒಗ್ಗುತ್ತದೆ ಎಂಬುದು ಅವನಿಗೆ ಪುಸ್ತಕದಿಂದ ತಿಳಿದದ್ದಲ್ಲ.

ಇವರೆಲ್ಲರಿಗೂ ಶಿಬಿರ ಇತ್ತು, ಹೆಸರು ಮಾತ್ರ ಬೇರೆ. ಇವತ್ತು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ನೌಕರಿ ಮಾಡುತ್ತ ರಾತ್ರಿ ಹತ್ತರ ಮೇಲೆ ಲ್ಯಾಪ್‌ಟಾಪ್ ತೆರೆದು ನಾಟಕ ಬರೆಯುವ ಹುಡುಗಿಗೆ ಅಟ್ಟವೂ ಇಲ್ಲ, ಕಂಪನಿಯೂ ಇಲ್ಲ. ಅವಳ ನಾಟಕವನ್ನು ಗಟ್ಟಿಯಾಗಿ ಓದುವ ಮೊದಲ ಬಾಯಿ ಎಲ್ಲಿಂದ ಬರಬೇಕು? ಆ ಕೊರತೆಯನ್ನು ತುಂಬುವುದೇ ಶಿಬಿರದ ಕೆಲಸ ಎಂದು ನಾನು ತಿಳಿದಿದ್ದೇನೆ. ಶಿಬಿರ ಕಲಿಸಬೇಕಾದದ್ದು ನಾಟಕ ಬರೆಯುವುದನ್ನಲ್ಲ, ಬರೆದ ನಾಟಕವನ್ನು ಮತ್ತೆ ಬರೆಯುವುದನ್ನು.

ಒಂದು ಉದಾಹರಣೆ ಕೊಡುತ್ತೇನೆ. ನಾನು ವೀಕ್ಷಕನಾಗಿ ಕುಳಿತಿದ್ದ ಶಿಬಿರವೊಂದರಲ್ಲಿ ಒಬ್ಬ ಯುವಕ ಅಣ್ಣ ತಂಗಿಯರ ನಡುವೆ ಮನೆ ಮಾರುವ ವಿಷಯಕ್ಕೆ ನಡೆಯುವ ಜಗಳದ ದೃಶ್ಯವನ್ನು ಬರೆದಿದ್ದ. ತಂಗಿಯ ಮೊದಲ ಮಾತು ಹೀಗಿತ್ತು: "ಅಣ್ಣಾ, ಅಪ್ಪ ತೀರಿಕೊಂಡು ಆರು ತಿಂಗಳಾಯಿತು, ಈ ಮನೆಯನ್ನು ಮಾರಿಬಿಡಬೇಕೆಂದು ನೀನು ಹಟ ಹಿಡಿದಿರುವೆ, ಆದರೆ ನನಗೆ ಇಷ್ಟವಿಲ್ಲ." ಓದಲು ಕರೆಸಿದ್ದ ನಟಿ ಎರಡು ಸಲ ಪ್ರಯತ್ನಿಸಿ ನಿಲ್ಲಿಸಿ, "ಇದೆಲ್ಲ ಅಣ್ಣನಿಗೆ ಗೊತ್ತೇ ಇದೆಯಲ್ಲ, ನಾನು ಯಾರಿಗೆ ಹೇಳುತ್ತಿದ್ದೇನೆ?" ಎಂದಳು. ನಿರ್ದೇಶಕರು ಸಿದ್ಧಾಂತ ಹೇಳಲು ಹೋಗಲಿಲ್ಲ. ದೃಶ್ಯದಲ್ಲಿ 'ಮನೆ', 'ಮಾರು' ಎಂಬ ಎರಡು ಪದಗಳನ್ನು ಬಳಸದೆ ನಾಳೆ ಬರೆದು ತಾ ಎಂದಷ್ಟೇ ಹೇಳಿದರು. ಮರುದಿನ ಬಂದ ದೃಶ್ಯದಲ್ಲಿ ತಂಗಿ ಅಪ್ಪನ ಬೀರುವಿನಿಂದ ಬಟ್ಟೆ ತೆಗೆದು ಮಡಚುತ್ತಿದ್ದಾಳೆ, ಅಣ್ಣ ಬಾಗಿಲಲ್ಲಿ ನಿಂತು "ಬೀರುವಿನ ಕೀಲಿಕೈ ನಿನ್ನ ಹತ್ತಿರ ಇತ್ತಾ?" ಎನ್ನುತ್ತಾನೆ, ಅವಳು "ಅಪ್ಪನೇ ಕೊಟ್ಟಿದ್ದು" ಎಂದು ಮಡಚುವುದನ್ನು ಮುಂದುವರಿಸುತ್ತಾಳೆ. ಜಗಳ ಅಲ್ಲಿಗೆ ಶುರುವಾಗಿಯೇ ಬಿಟ್ಟಿತ್ತು. ಇದನ್ನು ಯಾವ ಉಪನ್ಯಾಸವೂ ಆ ಹುಡುಗನಿಗೆ ತಲುಪಿಸುತ್ತಿರಲಿಲ್ಲ. ತನ್ನ ವಾಕ್ಯ ನಟಿಯ ಬಾಯಲ್ಲಿ ತಡವರಿಸಿದ್ದನ್ನು ಅವನು ಕಿವಿಯಾರೆ ಕೇಳಿದ್ದ.

ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ 1958ರಲ್ಲಿ ಲೇಖಕರ ಗುಂಪೊಂದು ಆರಂಭವಾದಾಗ ಮೊದಮೊದಲು ಅದೂ ಬರೀ ಚರ್ಚಾಗೋಷ್ಠಿಯೇ ಆಗಿತ್ತು. ಆಮೇಲೆ ನಿರ್ದೇಶಕರಾದ ವಿಲಿಯಂ ಗ್ಯಾಸ್ಕಿಲ್ ಮತ್ತು ಕೀತ್ ಜಾನ್‌ಸ್ಟನ್ ಅವರು ಚರ್ಚೆಯನ್ನು ಬದಿಗಿಟ್ಟು, ಅಭಿನಯಿಸಿ ನೋಡಬಹುದಾದದ್ದನ್ನು ಅಭಿನಯಿಸಿಯೇ ನೋಡಬೇಕು ಎಂಬ ದಾರಿ ಹಿಡಿದರು. ಎಡ್ವರ್ಡ್ ಬಾಂಡ್, ಆರ್ನಾಲ್ಡ್ ವೆಸ್ಕರ್, ವೋಲೆ ಸೋಯಿಂಕಾ ಅವರಂಥ ನಾಟಕಕಾರರು ಅಲ್ಲಿ ಕೂತೆದ್ದವರು. ಅದೇ ರಾಯಲ್ ಕೋರ್ಟ್ ಮುಂದೆ ಮುಂಬೈಯ ರೇಜ್ ನಾಟಕ ತಂಡದ ಜೊತೆ ಸೇರಿ ಭಾರತದ ಹೊಸ ನಾಟಕಕಾರರಿಗಾಗಿ 'ರೈಟರ್ಸ್ ಬ್ಲಾಕ್' ನಡೆಸಿತು; 2004ರಲ್ಲಿ ಅದರ ಮೊದಲ ಉತ್ಸವ ನಡೆಯಿತು. ಅದರ ಕ್ರಮ ಗಮನಿಸಬೇಕಾದದ್ದು: ಶಿಬಿರ, ಆಮೇಲೆ ತಿಂಗಳುಗಟ್ಟಲೆ ಕರಡುಗಳ ತಿದ್ದುಪಡಿ, ಕೊನೆಗೆ ರಂಗದ ಮೇಲೆ ಪ್ರಯೋಗ.

ನಮ್ಮ ಕನ್ನಡದ ಬಹುಪಾಲು ಶಿಬಿರಗಳು ನಿಂತುಹೋಗುವುದು ಈ ಮಧ್ಯದ ಮೆಟ್ಟಿಲಲ್ಲಿ. ಐದು ದಿನ ಹಿರಿಯರು ಬಂದು ನಾಟ್ಯಶಾಸ್ತ್ರದ ಭರತನಿಂದ ಜರ್ಮನ್ ನಾಟಕಕಾರ ಬ್ರೆಕ್ಟ್‌ವರೆಗೆ ಮಾತನಾಡುತ್ತಾರೆ, ಶಿಬಿರಾರ್ಥಿಗಳು ತಲಾ ಒಂದು ದೃಶ್ಯ ಬರೆಯುತ್ತಾರೆ, ಸಮಾರೋಪದಲ್ಲಿ ಪ್ರಮಾಣಪತ್ರ ಹಂಚಿ ಗುಂಪು ಫೋಟೋ ತೆಗೆದರೆ ಮುಗಿಯಿತು. (ಆ ಫೋಟೋ ಮಾತ್ರ ತಪ್ಪದೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತದೆ.) ಮೂರು ತಿಂಗಳ ಮೇಲೆ ಆ ದೃಶ್ಯ ಏನಾಯಿತು ಎಂದು ಕೇಳುವವರಿಲ್ಲ. ಹಿರಿಯರ ಮಾತು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಆದರೆ ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದಾಗ ನಟನಿಗೆ ಇಡೀ ವರ್ಷದ ತರಬೇತಿ ಬೇಕೆಂದು ಒಪ್ಪಿಕೊಂಡ ನಾವು, ನಾಟಕಕಾರನಿಗೆ ಐದು ದಿನ ಸಾಕು ಎಂದುಕೊಂಡಿರುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇದರ ಪರಿಣಾಮ ನಮ್ಮ ರಂಗದ ಮೇಲೆ ಕಾಣುತ್ತಿದೆ. ಹೊಸ ಸ್ವತಂತ್ರ ನಾಟಕ ಸಿಗದ ತಂಡಗಳು ಕಾದಂಬರಿ, ಕಥೆಗಳ ರಂಗರೂಪಕ್ಕೆ ಕೈಹಾಕುತ್ತಿವೆ. 2010ರಲ್ಲಿ ಮೈಸೂರಿನ ರಂಗಾಯಣ ರಾತ್ರಿಯಿಡೀ ಆಡಿದ 'ಮಲೆಗಳಲ್ಲಿ ಮದುಮಗಳು' ಕನ್ನಡ ರಂಗಭೂಮಿಯ ದೊಡ್ಡ ಸಾಧನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದರ ಬೆನ್ನಿಗೆ ಬಂದ ಎಷ್ಟೋ ರಂಗರೂಪಗಳಲ್ಲಿ ಕಾದಂಬರಿಕಾರನ ನಿರೂಪಣೆಯನ್ನು ಸಾಲಾಗಿ ನಿಂತ ನಟರು ಹಂಚಿಕೊಂಡು ಒಪ್ಪಿಸುತ್ತಾರೆಯೇ ಹೊರತು ಪಾತ್ರಗಳ ನಡುವೆ ಏನೂ ಘಟಿಸುವುದಿಲ್ಲ.

ಶಿಬಿರಗಳಲ್ಲಿ ಇನ್ನೊಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಿದ್ದೇನೆ. ಊಟದ ಹೊತ್ತಿಗೆ ಕುಂದಾಪುರದ ಕನ್ನಡದಲ್ಲೋ ಕಲಬುರಗಿಯ ಕನ್ನಡದಲ್ಲೋ ಸೊಗಸಾಗಿ ಹರಟುವವರು ಪೆನ್ನು ಹಿಡಿದ ಕೂಡಲೇ ಪಠ್ಯಪುಸ್ತಕದ ಕನ್ನಡಕ್ಕೆ ಜಾರುತ್ತಾರೆ. ಅವರ ಅಜ್ಜಿ ಪಾತ್ರವೂ, ಪೊಲೀಸ್ ಪಾತ್ರವೂ, ಎಂಟು ವರ್ಷದ ಮಗುವೂ ಒಂದೇ ವ್ಯಾಕರಣದಲ್ಲಿ ಮಾತನಾಡುತ್ತವೆ. ಕಂಬಾರರ 'ಜೋಕುಮಾರಸ್ವಾಮಿ' ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಬಂದು ಅರ್ಧ ಶತಮಾನ ಕಳೆದಿದೆ, ಬಿ.ವಿ. ಕಾರಂತರು ಅದನ್ನು ಬೆಂಗಳೂರಿನ ಬಯಲಿನಲ್ಲೇ ಆಡಿಸಿ ಗೆಲ್ಲಿಸಿದ್ದಾರೆ. ಆದರೂ ಈ ಹಿಂಜರಿಕೆ ಹೋಗಿಲ್ಲ. ಇದಕ್ಕೆ ಮದ್ದು ಬರೆಯುವುದಕ್ಕೆ ಮುಂಚಿನ ಆಶುಅಭಿನಯದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಯಕ್ಷಗಾನದ ಪ್ರಸಂಗಕರ್ತ ಪದ್ಯವನ್ನಷ್ಟೇ ಕೊಟ್ಟು ಮಾತನ್ನು ಸ್ಥಳದಲ್ಲೇ ಹೆಣೆಯುವ ಅರ್ಥಧಾರಿಗೆ ಬಿಡುವ ಪರಂಪರೆ ನಮ್ಮ ಕರಾವಳಿಯಲ್ಲೇ ಇರುವಾಗ, ಸನ್ನಿವೇಶವನ್ನು ಕೊಟ್ಟು ಮೊದಲು ಆಡಿಸಿ, ಆಮೇಲೆ ಬರೆಸುವುದು ನಮಗೆ ಹೊಸ ವಿದ್ಯೆಯೇನಲ್ಲ.

ಹಾಗಾದರೆ ಹಣ ಎಲ್ಲಿಂದ ಎಂದು ಸಂಘಟಕ ಗೆಳೆಯರು ಕೇಳುತ್ತಾರೆ. ನಾನು ಕಂಡ ಶಿಬಿರಗಳ ಖರ್ಚಿನ ಪಟ್ಟಿಗಳಲ್ಲಿ ಶಾಲು, ಹಾರ, ಫ್ಲೆಕ್ಸ್, ಉದ್ಘಾಟಕರ ಕಾರಿನ ಬಾಡಿಗೆ ಎಲ್ಲಕ್ಕೂ ಒಂದೊಂದು ಸಾಲು ಇರುತ್ತದೆ. ಕರಡನ್ನು ಓದಲು ಬರುವ ನಟರ ಸಂಭಾವನೆಗೆ ಸಾಲಿರುವುದಿಲ್ಲ. ಸಮಾರೋಪ ಸಮಾರಂಭವೊಂದನ್ನು ಕೈಬಿಟ್ಟು, ಆ ದುಡ್ಡಿನಲ್ಲಿ ನಾಲ್ಕು ತಿಂಗಳ ನಂತರ ಅದೇ ಶಿಬಿರಾರ್ಥಿಗಳನ್ನು ಎರಡು ದಿನದ ಮಟ್ಟಿಗೆ ಮತ್ತೆ ಕರೆಸಿ, ತಿದ್ದಿದ ಪ್ರತಿಯನ್ನು ನಾಲ್ವರು ಒಳ್ಳೆಯ ನಟರಿಂದ ಓದಿಸಬಹುದು. ಪ್ರಮಾಣಪತ್ರವನ್ನು ಅಲ್ಲಿಯವರೆಗೆ ತಡೆಹಿಡಿದರೂ ಯಾರಿಗೂ ನಷ್ಟವಿಲ್ಲ.