ನ್ಯೂಟ್ರಲ್‌ನಲ್ಲಿ ಇಳಿದು ಹೋಗುವ ಪೆಟ್ರೋಲು

ಆಗುಂಬೆಯಲ್ಲಿ ಸೂರ್ಯಾಸ್ತ ನೋಡುವ ಕಟ್ಟೆ ದಾಟಿ ಮೊದಲ ತಿರುವು ಬರುವಷ್ಟರಲ್ಲಿ ಗೇರು ‘ಎನ್’ಗೆ, ಅಂದರೆ ನ್ಯೂಟ್ರಲ್ಲಿಗೆ ಬಿತ್ತು. ‘ಇನ್ನು ಸೋಮೇಶ್ವರದ ತನಕ ಪೆಟ್ರೋಲ್ ಎಂತಕ್ಕೆ ಮಾರಾಯ್ರೇ, ತಾನೇ ಇಳೀತದೆ’ ಎಂದರು ಸ್ಟೀರಿಂಗ್ ಹಿಡಿದಿದ್ದ ಬಂಧು. ಕಾರು ಹೊಚ್ಚ ಹೊಸ ಹೈಬ್ರಿಡ್, ಪೆಟ್ರೋಲ್ ಎಂಜಿನ್ನಿನ ಜೊತೆ ಮೋಟರು, ಬ್ಯಾಟರಿಯೂ ಇರುವಂಥದ್ದು. ಹದಿನಾಲ್ಕು ತಿರುವು ಮುಗಿಸಿ ಕೆಳಗೆ ನಿಲ್ಲಿಸಿದಾಗ ಮುಂದಿನ ಚಕ್ರಗಳಿಂದ ಬ್ರೇಕ್ ಸುಟ್ಟ ವಾಸನೆ ಬರುತ್ತಿತ್ತು. ಡ್ಯಾಶ್‌ಬೋರ್ಡಿನ ಬ್ಯಾಟರಿ ಚಿತ್ರದಲ್ಲಿ ಮೇಲೆ ಎಷ್ಟು ಗೆರೆ ಇತ್ತೋ ಕೆಳಗೂ ಅಷ್ಟೇ: ಎರಡು. ಆಮೇಲೆ ಬಂತು ತೀರ್ಪು. ‘ಹೈಬ್ರಿಡ್ ಅಂತ ಎರಡು ಮೂರು ಲಕ್ಷ ಹೆಚ್ಚು ಕೊಟ್ಟದ್ದು ದಂಡ. ನಮ್ಮ ಮಲೆನಾಡಿಗೆ ಇದು ಆಗಿಬರಲ್ಲ.’

ಆ ಮಾತು ಇನ್ನೂ ಚುಚ್ಚುತ್ತಿದೆ. ಆಗಿಬರದೇ ಇದ್ದದ್ದು ಕಾರಲ್ಲ, ಇಳಿಸಿದ ರೀತಿ.

ನಾನೀಗ ಇರುವ ಜಪಾನಿನ ಟೋಚಿಗಿ ಪ್ರಾಂತದ ನಿಕ್ಕೋದಲ್ಲಿ ಇರೋಹಜಾಕ ಎಂಬ ಘಾಟಿಯಿದೆ. ಹತ್ತಲು ಒಂದು ರಸ್ತೆ, ಇಳಿಯಲು ಇನ್ನೊಂದು. ಇಳಿಯುವ ರಸ್ತೆಗೆ 28 ತಿರುವು, ಸರಿಯಾಗಿ ಆಗುಂಬೆಯ ಎರಡರಷ್ಟು. ಈ ದೇಶದ ಉದ್ದನೆಯ ಇಳಿಜಾರುಗಳಲ್ಲಿ ‘ಎಂಜಿನ್ ಬ್ರೇಕ್ ಬಳಸಿ’ ಎಂಬ ಫಲಕ ಮತ್ತೆ ಮತ್ತೆ ಕಾಣುತ್ತದೆ, ಅಂದರೆ ಗೇರಿನಲ್ಲೇ ಇಳಿದು ಎಂಜಿನ್ನಿನಿಂದಲೇ ವೇಗ ತಡೆಯಿರಿ ಎಂದು. ಡ್ರೈವಿಂಗ್ ಶಾಲೆಯಲ್ಲಿ ಫೇಡ್, ವೇಪರ್ ಲಾಕ್ ಎಂಬೆರಡು ಶಬ್ದಗಳನ್ನು ಕಲಿಸುತ್ತಾರೆ. ಬ್ರೇಕ್ ಪ್ಯಾಡ್ ಕಾದು ಹಿಡಿತ ಬಿಡುವುದು ಫೇಡ್. ಬ್ರೇಕ್ ಎಣ್ಣೆ ಕುದಿದು ಪೈಪಿನೊಳಗೆ ಆವಿಯಾಗಿ, ಪೆಡಲ್ ಒತ್ತಿದರೆ ಬುಡದ ತನಕ ಹೋಗುವುದು ವೇಪರ್ ಲಾಕ್. ಹೈಬ್ರಿಡ್ ಇಲ್ಲಿ ಮನೆಮನೆಯ ಗಾಡಿ. 1997ರ ಡಿಸೆಂಬರಿನಲ್ಲಿ ಟೊಯೊಟಾದ ಹೈಬ್ರಿಡ್ ಕಾರು, ಮೊದಲ ಪ್ರಿಯಸ್ ಬಂದದ್ದು ಇಲ್ಲೇ. ಇಳಿಜಾರು ಶುರುವಾದರೆ ವಯಸ್ಸಾದವರೂ ಗೇರಿನ ಕಡ್ಡಿಯನ್ನು ಮಾಮೂಲಿ ಓಟದ ‘ಡಿ’ಯಿಂದ ಎಂಜಿನ್ ಬ್ರೇಕಿನ ‘ಬಿ’ಗೆ ಎಳೆಯುತ್ತಾರೆ, ‘ಎನ್’ಗಲ್ಲ.

ಹೈಬ್ರಿಡ್ಡನ್ನು ‘ಎನ್’ಗೆ ಹಾಕಿದರೆ ಆಗುವುದಿಷ್ಟು: ಮೋಟರಿಗೂ ಬ್ಯಾಟರಿಗೂ ನಡುವಿನ ವಿದ್ಯುತ್ ಹರಿವು ನಿಲ್ಲುತ್ತದೆ. ಚಕ್ರ ತಿರುಗುತ್ತಿದ್ದರೂ ಮೋಟರು ಡೈನಮೋ ಆಗಿ ಕೆಲಸ ಮಾಡುವುದಿಲ್ಲ. ಬ್ರೇಕ್ ಒತ್ತಿದಾಗ ಕರೆಂಟಾಗಿ ಬ್ಯಾಟರಿಗೆ ಹೋಗಬೇಕಾದ ಶಕ್ತಿಯೆಲ್ಲ ಡಿಸ್ಕಿನಲ್ಲಿ ಬಿಸಿಯಾಗಿ ಹಾಳಾಗುತ್ತದೆ. ಲಕ್ಷಗಟ್ಟಲೆ ಹೆಚ್ಚು ಕೊಟ್ಟು ಕೊಂಡ ಯಂತ್ರಕ್ಕೆ, ಅದರ ಕೆಲಸ ಬರುವ ಹೊತ್ತಿಗೇ ರಜೆ ಕೊಟ್ಟಂತೆ.

ಸಾದಾ ಪೆಟ್ರೋಲ್ ಕಾರಿನಲ್ಲೂ ನ್ಯೂಟ್ರಲ್ ಉಳಿತಾಯವಲ್ಲ. ಈಗಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರ್ ಪೂರ್ತಿ ಮುಚ್ಚಿಕೊಳ್ಳುತ್ತದೆ, ಒಂದು ಹನಿಯೂ ಹೋಗುವುದಿಲ್ಲ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆಫ್ ಆಗದಂತೆ ಐಡಲ್‌ನಲ್ಲಿ ಓಡಬೇಕು, 1.2–1.5 ಲೀಟರ್ ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಹೆಚ್ಚುಕಡಿಮೆ 0.7 ಲೀಟರ್ ಕುಡಿಯುತ್ತದೆ. ಇಪ್ಪತ್ತೈದು ನಿಮಿಷದ ಇಳಿತಕ್ಕೆ ಕಾಲು ಲೀಟರಿಗಿಂತ ಹೆಚ್ಚು. ಉಳಿಸಿದೆವು ಎಂದುಕೊಂಡ ಕಡೆ ಮೂವತ್ತು ರೂಪಾಯಿ ಹೋಯಿತು, ಬ್ರೇಕ್ ಪ್ಯಾಡಿನ ಸವಕಳಿ ಬೇರೆ.

ಇನ್ನು ಘಾಟಿಯ ಲೆಕ್ಕ. ಕರೆಂಟ್ ಬಿಲ್ಲಿನ ಯೂನಿಟ್ಟಿನಲ್ಲೇ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ನಾಲ್ಕು ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಕಾರು ಸುಮಾರು 500 ಮೀಟರ್ ಎತ್ತರದಿಂದ ಇಳಿದರೆ ಸಿಗುವ ಶಕ್ತಿ 2 ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು. ಟೈರಿನ ತಿಕ್ಕಾಟ, ಗಾಳಿಯ ತಡೆ ಕಳೆದರೂ ಒಂದೂವರೆ ಯೂನಿಟ್ ಉಳಿಯುತ್ತದೆ. ಹಿಡಿಯುವ ಪಾತ್ರೆ ಮಾತ್ರ ಚಿಕ್ಕದು. ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್ಡಿನ (ಸ್ವಲ್ಪ ದೂರ ಬರೀ ಮೋಟರಿನಲ್ಲೂ ಓಡಬಲ್ಲದ್ದು) ಬ್ಯಾಟರಿ 0.76 ಯೂನಿಟ್, ಬಾಳಿಕೆ ಬರಲೆಂದು ಅದರಲ್ಲೂ ನಡುವಿನ ಅರ್ಧದಷ್ಟನ್ನೇ ಕಾರು ಬಳಸುತ್ತದೆ. ಮೊದಲ ನಾಲ್ಕೈದು ತಿರುವಿನಲ್ಲೇ ಬ್ಯಾಟರಿ ತುಂಬಿಬಿಡುತ್ತದೆ. ಅಲ್ಲಿಂದ ಮುಂದೆ ‘ಡಿ’ಯಲ್ಲೇ ಇದ್ದರೂ ಭಾರ ಹೆಚ್ಚಾಗಿ ಪ್ಯಾಡಿನ ಮೇಲೆ ಬೀಳುತ್ತದೆ. ಅದಕ್ಕೇ ‘ಬಿ’ ಇರುವುದು. ‘ಬಿ’ಯಲ್ಲಿ ಮೋಟರು ಹುಟ್ಟಿಸಿದ ಕರೆಂಟಿನಿಂದಲೇ ಎಂಜಿನ್ನನ್ನು ಸುಮ್ಮನೆ ತಿರುಗಿಸಿ, ಹೆಚ್ಚಾದ ಶಕ್ತಿಯನ್ನು ಅಲ್ಲಿ ಖರ್ಚು ಮಾಡುತ್ತಾರೆ. ಆಗ ಎಂಜಿನ್ ಜೋರಾಗಿ ಕೂಗುತ್ತದೆ. ನಮ್ಮವರು ಗಾಬರಿಯಾಗುವುದು ಇಲ್ಲೇ: ‘ನೋಡಿ, ಇಳಿಜಾರಲ್ಲೂ ಪೆಟ್ರೋಲ್ ಕುಡೀತಿದೆ!’ ಕುಡಿಯುವುದಿಲ್ಲ. ಆ ಹೊತ್ತಿಗೆ ಇಂಧನ ಬಂದ್ ಆಗಿರುತ್ತದೆ, ಕೇಳುವುದು ಗಾಳಿ ಒತ್ತುವ ಸದ್ದು. ಒಮ್ಮೆ ಎನರ್ಜಿ ಮಾನಿಟರ್ ತೆರೆದಿಟ್ಟು, ಬಾಣದ ಗುರುತು ಚಕ್ರದಿಂದ ಒಳಕ್ಕೆ ಹೋಗುವುದನ್ನು ನೋಡಿದರೆ ಅನುಮಾನ ಉಳಿಯದು.

ಹಾಗಂತ ಎಲ್ಲ ಇಳಿಜಾರಿಗೂ ‘ಬಿ’ ಬೇಡ. ಎಂಜಿನ್ ತಿರುಗಿಸಲು ಹೋದ ಶಕ್ತಿ ಬ್ಯಾಟರಿಗೆ ಸಿಗುವುದಿಲ್ಲ. ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ ಹಾದು ತೀರ್ಥಹಳ್ಳಿಗೆ ಹೋಗುವ ರಸ್ತೆಯ ಸಣ್ಣ ಏರಿಳಿತಗಳಲ್ಲಿ ‘ಡಿ’ಯೇ ಸರಿ. 20 ಮೀಟರ್ ಇಳಿತದಲ್ಲಿ ಸಿಗುವುದು 0.09 ಯೂನಿಟ್, ಪುಟ್ಟ ಬ್ಯಾಟರಿಗೆ ಹೇಳಿ ಮಾಡಿಸಿದಷ್ಟು. ದೂರದಿಂದಲೇ ಮೆಲ್ಲಗೆ ಬ್ರೇಕ್ ಮುಟ್ಟಿ ಇಳಿದು, ಮುಂದಿನ ಏರಿಗೆ ಅದನ್ನೇ ಖರ್ಚು ಮಾಡುವುದು. ಹೈಬ್ರಿಡ್ ತನ್ನ ದುಡ್ಡು ದುಡಿಯುವುದು ಘಾಟಿಯಲ್ಲಲ್ಲ, ಇಂಥ ರಸ್ತೆಯಲ್ಲಿ. ಆಗುಂಬೆ ಊರು ಸಮೀಪಿಸುವಾಗ ಬ್ಯಾಟರಿ ಎರಡು ಮೂರು ಗೆರೆಗೆ ಇಳಿದಿರಲಿ. ಗೆರೆ ಹೆಚ್ಚಿದ್ದರೆ ಕೊನೆಯ ಒಂದೆರಡು ಕಿಲೋಮೀಟರಿಗೆ, ಬರೀ ಬ್ಯಾಟರಿಯಲ್ಲಿ ಓಡಿಸುವ ಇವಿ ಬಟನ್ ಒತ್ತಿದರಾಯಿತು. ಮೊದಲ ಕೆಲವು ತಿರುವು ‘ಡಿ’ಯಲ್ಲಿ ಮೆತ್ತಗೆ ಬ್ರೇಕ್ ಹಿಡಿಯುತ್ತ ಇಳಿದು, ಬ್ಯಾಟರಿ ತುಂಬುತ್ತ ಬಂದಾಗ ‘ಬಿ’. ಮಳೆ, ಮಂಜು ಇದ್ದರೆ ಮೊದಲ ತಿರುವಿನಿಂದಲೇ ‘ಬಿ’.

ಹತ್ತುವಾಗ ಜಾದೂ ಏನಿಲ್ಲ. ಆ 500 ಮೀಟರ್ ಏರಿಗೆ ಸಮತಟ್ಟಿಗಿಂತ ಅರ್ಧದಿಂದ ಮುಕ್ಕಾಲು ಲೀಟರ್ ಹೆಚ್ಚು ಬೇಕೇ ಬೇಕು. ಒಂದೇ ಹದದಲ್ಲಿ ಕಾಲಿಟ್ಟು ಹತ್ತಿ, ಅಷ್ಟೆ.

ದುಡ್ಡಿನ ವಿಷಯದಲ್ಲೂ ಊರಿನ ರೂಢಿ ಬೇಸರ ತರಿಸುತ್ತದೆ. ಬಂಕಿನಲ್ಲಿ ‘ಐನೂರಕ್ಕೆ ಹಾಕಿ’, ‘ಸಾವಿರಕ್ಕೆ ಹಾಕಿ’ ಎನ್ನುವವರಿಗೆ ಕಾರು ಎಷ್ಟು ಕೊಡುತ್ತದೆ ಎಂದು ಗೊತ್ತಾಗುವುದು ಹೇಗೆ? ಇಲ್ಲಿ ಜಪಾನಿನಲ್ಲಿ ಸಾಮಾನ್ಯವಾಗಿ ಕೇಳುವ ಶಬ್ದ ‘ಮಾಂತಾನ್’, ಅಂದರೆ ಫುಲ್ ಟ್ಯಾಂಕ್. ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಿದರೆ, ಮುಂದಿನ ಫುಲ್ಲಿಗೆ ಲೆಕ್ಕ ತಾನಾಗಿ ಬರುತ್ತದೆ. ಕಾರುಗಳನ್ನು ಪರೀಕ್ಷಿಸುವ ಸಂಸ್ಥೆ ಎಆರ್‌ಎಐ ಈ ಹೈಬ್ರಿಡ್ಡುಗಳಿಗೆ ಹೇಳುವ ಲೀಟರಿಗೆ 27.97 ಕಿ.ಮೀ. ಪ್ರಯೋಗಶಾಲೆಯದ್ದು, ಮಲೆನಾಡಿನ ರಸ್ತೆಗೆ 21 ಎಂದಿಟ್ಟುಕೊಳ್ಳಿ, ಅದೇ ಗಾತ್ರದ ಸಾದಾ ಪೆಟ್ರೋಲ್ ಕಾರಿಗೆ 14. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿಗೆ 4.90 ಮತ್ತು 7.36. ವ್ಯತ್ಯಾಸ ಎರಡೂವರೆ ರೂಪಾಯಿಗೆ ಸ್ವಲ್ಪ ಕಡಿಮೆ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ಸುಮಾರು 29,500 ರೂಪಾಯಿ ಉಳಿತಾಯ. 20,000 ಓಡಿಸಿದರೆ 49,000. ಕೊಳ್ಳುವಾಗ ಎರಡೂವರೆ ಲಕ್ಷ ಹೆಚ್ಚು ಕೊಟ್ಟಿದ್ದರೆ, ಅದರ ಮೇಲೆ ಶೇ. 17 ಆಜೀವ ತೆರಿಗೆ, ತೆರಿಗೆಯ ಮೇಲೆ ಶೇ. 11 ಸೆಸ್ ಸೇರಿ ಮೂರು ಲಕ್ಷಕ್ಕೆ ಬಂದು ನಿಲ್ಲುತ್ತದೆ. ಕಡಿಮೆ ಓಡಿಸುವವರಿಗೆ ಇದು ಹತ್ತು ವರ್ಷದ ಬಾಕಿ, ಹೆಚ್ಚು ಓಡಿಸುವವರಿಗೆ ಆರು. ಉತ್ತರ ಪ್ರದೇಶ 2024ರ ಜುಲೈಯಲ್ಲಿ ಸ್ಟ್ರಾಂಗ್ ಹೈಬ್ರಿಡ್ಡುಗಳಿಗೆ ನೋಂದಣಿ ತೆರಿಗೆಯನ್ನೇ ಮನ್ನಾ ಮಾಡಿತು. ನಮ್ಮ ರಾಜ್ಯ ಆಗ ಅದೇ ದಾರಿ ಹಿಡಿಯಲಿಲ್ಲವಲ್ಲ ಎಂಬ ಕೊರಗು ಇದ್ದೇ ಇದೆ.

ನಿರ್ವಹಣೆಯಲ್ಲಿ ಕ್ಲಚ್, ಸ್ಟಾರ್ಟರ್, ಆಲ್ಟರ್ನೇಟರ್ ಎಂಬ ಮೂರು ಖರ್ಚೇ ಇಲ್ಲ. ಟೊಯೊಟಾ ಮಾದರಿಯ ಹೈಬ್ರಿಡ್ಡಿನಲ್ಲಿ ಆ ಭಾಗಗಳೇ ಇರುವುದಿಲ್ಲ. ಹೈಬ್ರಿಡ್ ಬ್ಯಾಟರಿಗೆ ಆ ಕಂಪನಿ 8 ವರ್ಷ ಅಥವಾ 1,60,000 ಕಿ.ಮೀ. ಗ್ಯಾರಂಟಿ ಕೊಡುತ್ತದೆ. ಆದರೆ ಮಲೆನಾಡಿನ ಮಳೆ ಹುಡುಕಿಕೊಂಡು ಬರುವ ಜಾಗಗಳೇ ಬೇರೆ. ಮೋಟರು ಬ್ರೇಕಿನ ಕೆಲಸ ಮಾಡುವುದರಿಂದ ಪ್ಯಾಡ್ ಸವೆಯುವುದು ಕಡಿಮೆ, ನಿಜ. ಅದಕ್ಕಾಗಿಯೇ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಸ್ಲೈಡ್ ಪಿನ್ನುಗಳು ಅಲುಗಾಡದೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ, ಒಂದು ಪ್ಯಾಡ್ ಮಾತ್ರ ಸವೆದು ಮೈಲೇಜ್ ಬೀಳುತ್ತದೆ. ಮಳೆಗಾಲಕ್ಕೆ ಮುಂಚೆ, ಮುಗಿದ ಮೇಲೆ ಪಿನ್ ಬಿಚ್ಚಿಸಿ ತೊಳೆದು ಬ್ರೇಕ್ ಗ್ರೀಸ್ ಹಚ್ಚಿಸಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಎಂಜಿನ್ ಎಣ್ಣೆ ಕೈಪಿಡಿ ಹೇಳಿದ ತೆಳುವಾದದ್ದೇ ಇರಲಿ, ಹಳೆಯ ಅಭ್ಯಾಸಕ್ಕೆ ದಪ್ಪ ಎಣ್ಣೆ ಹಾಕಿದರೆ ದಿನಕ್ಕೆ ನೂರು ಸಲ ಆನ್‌-ಆಫ್ ಆಗುವ ಎಂಜಿನ್ನಿಗೆ ಅದೇ ಭಾರ. ಬ್ಯಾಟರಿಗೆ ತಂಪು ಗಾಳಿ ಎಳೆಯುವ ಜಾಲರಿ ಹಿಂದಿನ ಸೀಟಿನ ಕೆಳಗೋ ಪಕ್ಕದಲ್ಲೋ ಇರುತ್ತದೆ. ಅದಕ್ಕೆ ಒತ್ತಿಕೊಂಡಂತೆ ಅಡಿಕೆ ಮೂಟೆ ಇಡಬೇಡಿ, ಒಳಗಿನ ಫಿಲ್ಟರಿನ ಕೆಂಪು ಧೂಳನ್ನು ಪ್ರತಿ ಸರ್ವಿಸಿನಲ್ಲಿ ತೆಗೆಸಿ. ಬಾನೆಟ್ಟಿನೊಳಗೆ ಇಲಿ ಕಾಟ ಇದ್ದರೆ ಕಿತ್ತಳೆ ಬಣ್ಣದ ಕೇಬಲ್ ಕಡೆ ಕೈ ಹಾಕಬೇಡಿ, ಅದರಲ್ಲಿ ನೂರಾರು ವೋಲ್ಟ್ ಇರುತ್ತದೆ.

ಊರಿನ ಮನೆಯಲ್ಲಿ ಕಾರು ಬಿಟ್ಟು ಬರುವ ನಮ್ಮಂಥವರಿಗೆ ಮುಖ್ಯವಾದದ್ದು ಚಿಕ್ಕ 12 ವೋಲ್ಟ್ ಬ್ಯಾಟರಿ. ಕೆಲವು ವಾರ ನಿಂತರೆ ಅದು ಖಾಲಿ, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಏಳುವುದಿಲ್ಲ. ಮನೆಯಲ್ಲಿರುವವರು ವಾರಕ್ಕೊಮ್ಮೆ, ಬಾಗಿಲು ತೆರೆದ ಶೆಡ್ಡಿನಲ್ಲಿ, ಬ್ರೇಕ್ ಒತ್ತಿ ‘ರೆಡಿ’ ದೀಪ ಬರಿಸಿ ಮುಕ್ಕಾಲು ಗಂಟೆ ಬಿಟ್ಟರೆ ಸಾಕು. ‘ರೆಡಿ’ ಮಾಡದೆ ಬರೀ ರೇಡಿಯೋ ಹಾಕಿ ಕೂತರೆ ಚಾರ್ಜ್ ಆಗುವುದಿಲ್ಲ, ಇನ್ನೂ ಇಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಕೆಲವನ್ನು ಒಪ್ಪಲೇಬೇಕು. ಇಲ್ಲಿನ ಮೈಲೇಜನ್ನು ಅಲ್ಲಿಗೆ ಹೊತ್ತು ತರುವುದು ನ್ಯಾಯವಲ್ಲ: ನಮ್ಮ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆಸಿದ ಇ20, ಶುದ್ಧ ಪೆಟ್ರೋಲಿಗಿಂತ ಅದರ ಶಕ್ತಿ ಶೇ. 6–7 ಕಡಿಮೆ. ಫಲಕ ಹಾಕಿದ ಮಾತ್ರಕ್ಕೆ ಇಲ್ಲಿ ಎಲ್ಲರೂ ಕೇಳುತ್ತಾರೆ ಎಂದೂ ಅಲ್ಲ. 2022ರ ಅಕ್ಟೋಬರಿನಲ್ಲಿ ಫ್ಯೂಜಿ ಪರ್ವತದಿಂದ ಇಳಿಯುತ್ತಿದ್ದ ಪ್ರವಾಸಿ ಬಸ್ಸೊಂದು ಕಾಲಿನ ಬ್ರೇಕನ್ನೇ ನಂಬಿ, ಅದು ಕಾದು ಹಿಡಿತ ಬಿಟ್ಟು ಮಗುಚಿತು. ನಮ್ಮ ಹಿರಿಯರ ನ್ಯೂಟ್ರಲ್ಲಿಗೂ ಒಂದು ಕಾರಣವಿತ್ತು: ಕಾರ್ಬ್ಯುರೇಟರ್ ಕಾಲದ ಅಂಬಾಸಿಡರ್, ಜೀಪುಗಳು ಗೇರಿನಲ್ಲಿ ಇಳಿಯುವಾಗಲೂ ಪೆಟ್ರೋಲ್ ಎಳೆಯುತ್ತಿದ್ದವು. ಅವರ ಲೆಕ್ಕ ಅವರ ಗಾಡಿಗೆ ಸರಿಯಾಗಿಯೇ ಇತ್ತು. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ‘ಹತ್ತಿದ ಗೇರಲ್ಲೇ ಇಳೀಬೇಕು’ ಎಂದು ನಮ್ಮ ಘಾಟಿಯ ಲಾರಿ ಡ್ರೈವರುಗಳು ಎಂದಿನಿಂದಲೂ ಹೇಳುತ್ತಾರೆ. ಭಾರಿ ವಾಹನಗಳಿಗೆ ಪ್ರವೇಶವಿಲ್ಲದ ಆಗುಂಬೆಯಲ್ಲಿ ಇವತ್ತಿಗೂ ಮಿನಿ ಬಸ್ಸುಗಳು ಕೆಳಗಿನ ಗೇರಿನಲ್ಲೇ ಗುರುಗುಟ್ಟುತ್ತ ಇಳಿಯುತ್ತವೆ. ಆ ಸದ್ದೂ ‘ಬಿ’ಯ ಸದ್ದೂ ಒಂದೇ ಕೆಲಸದ ಸದ್ದು. ಅದನ್ನು ಕಲಿಯಲು ಜಪಾನಿಗೆ ಬರಬೇಕಿರಲಿಲ್ಲ.

ಬಂಧುವಿಗೆ ಹೇಳಿದ್ದು ಇಷ್ಟೇ. ತೀರ್ಥಹಳ್ಳಿಯ ಒಂದೇ ಬಂಕಿನಲ್ಲಿ ನಳಿಗೆ ಮೊದಲ ಸಲ ಟಕ್ ಎನ್ನುವ ತನಕ ತುಂಬಿಸಿ, ಟ್ರಿಪ್ ಸೊನ್ನೆ ಮಾಡಿ, ಟೈರಿನ ಗಾಳಿ ತಣ್ಣಗಿದ್ದಾಗ ನೋಡಿ. ಸೋಮೇಶ್ವರಕ್ಕೆ ‘ಬಿ’ಯಲ್ಲಿ ಇಳಿದು, ವಾಪಸ್ ಹತ್ತಿ ಬಂದು, ಅದೇ ನಳಿಗೆಯಲ್ಲಿ ಅದೇ ಟಕ್ ತನಕ ತುಂಬಿಸಿ ಭಾಗಿಸಿ. ಮುಂದಿನ ವಾರ ಅದೇ ದಾರಿ, ನಿಮ್ಮ ನ್ಯೂಟ್ರಲ್‌ನಲ್ಲಿ ಬೇಡ, ಬರೀ ‘ಡಿ’ಯಲ್ಲಿ. ಎರಡೂ ಸಲ ಕೆಳಗೆ ನಿಲ್ಲಿಸಿದ ಕೂಡಲೇ ಚಕ್ರದ ಹತ್ತಿರ ಮೂಗು ಒಡ್ಡಿ ನೋಡಿ, ಡಿಸ್ಕ್ ಮಾತ್ರ ಮುಟ್ಟಬೇಡಿ.